ನಾಗಾವಿಯ ಘಟಿಕಾಸ್ಥಾನ: ಛಾತ್ರರ ನಿಲಯವೇ ಮಠ

ಆಷಾಢ ಕೃಷ್ಣ ಪಂಚಮಿಯಂದು ಶ್ರೀಮಟ್ಟೀಕಾಕೃತ್ಪಾದರಾದ ಶ್ರೀಜಯತೀರ್ಥರ ಆರಾಧನೆ ನಡೆಯುವುದು ಸರ್ವವಿದಿತ. ಆ ಸಂದರ್ಭದಲ್ಲಿ ಭಾಗ್ಯನಗರದ ನಮ್ಮ ಅನೇಕ ಕುಟುಂಬಗಳು ಮಳಖೇಡಕ್ಕೆ ತೆರಳಿ, ಕಾಗಿಣಾ ನದಿಯಲ್ಲಿ ಸ್ನಾನಮಾಡಿ, ಬೃಂದಾವನದ ದರ್ಶನ ಪಡೆದು, ತೀರ್ಥಪ್ರಸಾದ ಸ್ವೀಕರಿಸಿ ಹಿಂದಿರುಗುತ್ತವೆ. ಸಿಕಂದರಾಬಾದಿನಿಂದ ವಾಡಿಗೆ ಹೋಗುವ ರೈಲುಮಾರ್ಗದಲ್ಲಿ ವಿಕಾರಾಬಾದ್, ತಾಂಡೂರು, ಸೇಡಂಗಳನ್ನು ದಾಟಿದ ಮೇಲೆ ಮಳಖೇಡ ರೋಡ್ ನಿಲ್ದಾಣ ಬರುತ್ತದೆ. ಹೆಚ್ಚಿನವರ ಯಾತ್ರೆ ಅಲ್ಲಿಗೇ ಮುಗಿಯುತ್ತದೆ. ಅದೇ ಹಳಿಯ ಮೇಲೆ ಇನ್ನೂ ಸ್ವಲ್ಪ ಮುಂದೆ, ವಾಡಿ ಜಂಕ್ಷನ್ನಿಗೆ ಮುಂಚೆ, ಚಿತ್ತಾಪುರವಿದೆ. ಚಿತ್ತಾಪುರದ ಪಕ್ಕದಲ್ಲಿ ನಾಗಾವಿ ಎಂಬ ಪಾಳುಬಿದ್ದ ಸ್ಥಳವಿದೆ. ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಅಲ್ಲಿ ವೇದಶಾಸ್ತ್ರಗಳ ಒಂದು ಮಹಾಪಾಠಶಾಲೆಯಿತ್ತು. ಅದರ ವೃತ್ತಾಂತವನ್ನು ಶಿಲಾಶಾಸನದ ಆಧಾರದಿಂದ ವಾಚಕರ ಮುಂದಿಡುವುದು, ಮತ್ತು ಆ ವೃತ್ತಾಂತದಿಂದ ನಮ್ಮಂತಹ ವಲಸೆಯ ಸಮಾಜ ಕಲಿಯಬೇಕಾದುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮಠ ಎಂಬ ಶಬ್ದದ ಅರ್ಥ

ಇಂದು ಮಠವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಪೂಜೆ, ತೀರ್ಥ, ಮಂತ್ರಾಕ್ಷತೆ, ಅಲಂಕಾರಪಂಕ್ತಿ. ಇವೆಲ್ಲವೂ ಮಠದಲ್ಲಿ ನಡೆಯತಕ್ಕವೇ. ಆದರೆ ನಿಘಂಟುಕಾರನಾದ ಅಮರಸಿಂಹನನ್ನು ಕೇಳಿದರೆ ಅವನು ಕೊಡುವ ಅರ್ಥ ಬೇರೆ. ವಿದ್ಯಾರ್ಥಿಗಳೇ ಮೊದಲಾದವರು ವಾಸಮಾಡುವ ಮನೆಯೇ ಮಠ ಎಂದು ಅವನು ಹೇಳುತ್ತಾನೆ. ಆ ಅರ್ಥವಾಕ್ಯದಲ್ಲಿ ಮೊದಲು ನಿಲ್ಲುವವನು ಛಾತ್ರ. ಉಳಿದವರೆಲ್ಲ ‘ಮೊದಲಾದವರು’ ಎಂಬುದರಲ್ಲಿ ಸೇರುತ್ತಾರೆ. ಓದುವ ಹುಡುಗರಿಲ್ಲದ ಮನೆಗೆ, ಅದು ಎಷ್ಟೇ ಭವ್ಯವಾಗಿರಲಿ, ಈ ಅರ್ಥದಂತೆ ಮಠವೆಂಬ ಹೆಸರು ಸಲ್ಲುವುದು ಕಷ್ಟ.

ಪ್ರಾಚೀನ ಕರ್ನಾಟಕದ ಶಾಸನಗಳಲ್ಲಿ ವಿದ್ಯಾಸ್ಥಾನಗಳಿಗೆ ನಾಲ್ಕು ಹೆಸರುಗಳು ಮತ್ತೆ ಮತ್ತೆ ಬರುತ್ತವೆ: ಅಗ್ರಹಾರ, ಬ್ರಹ್ಮಪುರಿ, ಘಟಿಕಾಸ್ಥಾನ ಮತ್ತು ಮಠ. ವಿದ್ವಾಂಸರಿಗೆ ಇಡೀ ಗ್ರಾಮವನ್ನೇ ದಾನವಾಗಿ ಬಿಟ್ಟರೆ ಅದು ಅಗ್ರಹಾರ. ಪಟ್ಟಣದೊಳಗೆ ವಿದ್ವಾಂಸರ ಕೇರಿಯೊಂದನ್ನು ನೆಲೆಗೊಳಿಸಿದರೆ ಅದು ಬ್ರಹ್ಮಪುರಿ. ಉನ್ನತ ವ್ಯಾಸಂಗಕ್ಕಾಗಿ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಒಂದೆಡೆ ಕೂಡಿಸಿದ ಸ್ಥಳ ಘಟಿಕಾಸ್ಥಾನ. ದೇವಾಲಯಕ್ಕೆ ಹೊಂದಿಕೊಂಡು, ಯತಿಯೊಬ್ಬನ ಅಧೀನದಲ್ಲಿ, ವಾಸ, ಅಶನ, ಅಧ್ಯಯನಗಳು ನಡೆಯುವ ಮನೆ ಮಠ. ಇವುಗಳ ಗಡಿಗಳು ಒಂದರೊಳಗೊಂದು ಬೆರೆತಿದ್ದುವು.

ಘಟಿಕೆಯ ಕೀರ್ತಿ ಕನ್ನಡನಾಡಿಗೆ ಹಳೆಯದು. ಕದಂಬವಂಶದ ಮೂಲಪುರುಷನಾದ ಮಯೂರಶರ್ಮನು ತನ್ನ ಗುರುವಿನೊಡನೆ ಕಾಂಚೀಪುರದ ಘಟಿಕೆಗೆ ವ್ಯಾಸಂಗಕ್ಕಾಗಿ ಹೋಗಿದ್ದನೆಂದು ತಾಳಗುಂದದ ಸ್ತಂಭಶಾಸನ ತಿಳಿಸುತ್ತದೆ. ಮಠದ ಉದಾಹರಣೆ ಬೇಕೆಂದರೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯಮಠವನ್ನು ನೋಡಬೇಕು. ಕಾಳಾಮುಖ ಶೈವಯತಿಗಳ ಆ ಮಠವನ್ನು ಕ್ರಿ.ಶ. 1162ರ ಶಾಸನವೊಂದು ವರ್ಣಿಸಿದೆ. ವೇದಗಳು, ನಾನಾ ವ್ಯಾಕರಣಗಳು, ಷಡ್ದರ್ಶನಗಳು, ಪುರಾಣ, ಕಾವ್ಯ, ನಾಟಕ ಇವೆಲ್ಲ ಅಲ್ಲಿ ಪಾಠವಾಗುತ್ತಿದ್ದುವು. ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿದ್ದುವು. ಇಂದು ಅಲ್ಲಿ ಕೇದಾರೇಶ್ವರ ದೇವಾಲಯ ಸುಂದರವಾಗಿ ನಿಂತಿದೆ, ಪಾಠ ನಿಂತುಹೋಗಿದೆ. ಸಿದ್ಧಾಂತದಲ್ಲಿ ಅವರಿಗೂ ನಮಗೂ ಭೇದವಿದೆ. ವಿದ್ಯೆಯ ವ್ಯವಸ್ಥೆಯಲ್ಲಿ ಅವರಿಂದ ಕಲಿಯಲು ಆ ಭೇದ ಅಡ್ಡಿಯಾಗದು.

ನಾಗಾವಿಯ ಶಾಸನ

ಶಾಸನಗಳಲ್ಲಿ ನಾಗಾವಿಯ ಹೆಸರು ‘ನಾಗವಾವಿ’. ವಾವಿ ಎಂದರೆ ಬಾವಿ. ಸಂಸ್ಕೃತದ ವಾಪೀ ಶಬ್ದದ ತದ್ಭವ. ಆ ಪ್ರದೇಶವು ಕಲ್ಯಾಣದ ಚಾಲುಕ್ಯರ ರಾಜ್ಯದ ಹೃದಯಭಾಗದಲ್ಲಿತ್ತು. ತ್ರೈಲೋಕ್ಯಮಲ್ಲ, ಆಹವಮಲ್ಲ ಎಂಬ ಬಿರುದುಗಳಿದ್ದ ಒಂದನೆಯ ಸೋಮೇಶ್ವರನು ರಾಜ್ಯವಾಳುತ್ತಿದ್ದಾಗ, ಶಕ 980, ಅಂದರೆ ಕ್ರಿ.ಶ. 1058ರಲ್ಲಿ, ಅವನ ದಂಡನಾಯಕನಾದ ಮಧುಸೂದನನು ಇಲ್ಲಿ ದೇವಾಲಯವನ್ನು ಕಟ್ಟಿಸಿ, ಅದಕ್ಕೆ ಸೇರಿದಂತೆ ಘಟಿಕಾಶಾಲೆಯನ್ನು ಸ್ಥಾಪಿಸಿ, ಅದರ ನಿರ್ವಹಣೆಗೆ ಭೂಮಿಯನ್ನು ದತ್ತಿಯಾಗಿ ಬಿಟ್ಟನು. ಸೇನೆಯನ್ನು ನಡೆಸುವವನು ಪಾಠಶಾಲೆಯನ್ನು ಕಟ್ಟಿಸುವುದು ಆ ಕಾಲಕ್ಕೆ ವಿಚಿತ್ರವಾಗಿರಲಿಲ್ಲ.

ಈ ಶಾಸನಗಳು ಬೆಳಕಿಗೆ ಬಂದ ಬಗೆ ನಮ್ಮ ನಗರಕ್ಕೆ ಸಂಬಂಧಿಸಿದ್ದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಹೈದರಾಬಾದ್ ರಾಜ್ಯದ ಭಾಗವಾಗಿದ್ದುವು. 1914ರಲ್ಲಿ ನಿಜಾಮ್ ಸರ್ಕಾರವು ಪುರಾತತ್ತ್ವ ಇಲಾಖೆಯೊಂದನ್ನು ಸ್ಥಾಪಿಸಿ ಗುಲಾಂ ಯಜ್ದಾನಿಯವರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಿತು. ಆ ಇಲಾಖೆಯ ಗ್ರಂಥಮಾಲೆಯ ಎಂಟನೆಯ ಪುಸ್ತಕವಾಗಿ ನಾಗಾವಿಯ ಕನ್ನಡ ಶಾಸನಗಳು 1928ರಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ಅವರ ಸಂಪಾದಕತ್ವದಲ್ಲಿ ಅಚ್ಚಾದುವು. ಉರ್ದು ರಾಜಭಾಷೆಯಾಗಿದ್ದ ಸಂಸ್ಥಾನದ ಇಲಾಖೆಯೊಂದು, ಕನ್ನಡ ಶಿಲಾಶಾಸನಗಳನ್ನು ತೆಲುಗು ಹೆಸರಿನ ವಿದ್ವಾಂಸರಿಂದ ಓದಿಸಿ ಪ್ರಕಟಿಸಿದುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು.

ಇನ್ನು ಶಾಸನದ ವಿಷಯ. ಘಟಿಕಾಶಾಲೆಯಲ್ಲಿ ವೇದಾಧ್ಯಯನ ಮಾಡುವ 200 ವಿದ್ಯಾರ್ಥಿಗಳಿಗೂ, ಶಾಸ್ತ್ರಾಧ್ಯಯನ ಮಾಡುವ ಸುಮಾರು 50 ವಿದ್ಯಾರ್ಥಿಗಳಿಗೂ ವ್ಯವಸ್ಥೆಯಿತ್ತು. ವೇದವನ್ನು ಕಲಿಸಲು ಮೂವರು ಉಪಾಧ್ಯಾಯರು. ಶಾಸ್ತ್ರವನ್ನು ವ್ಯಾಖ್ಯಾನಿಸಲು ಮೂವರು: ಭಾಟ್ಟದರ್ಶನಕ್ಕೆ ಒಬ್ಬರು, ಪ್ರಾಭಾಕರಕ್ಕೆ ಒಬ್ಬರು, ನ್ಯಾಸಕ್ಕೆ ಒಬ್ಬರು. ಇವರಲ್ಲದೆ ಪುಸ್ತಕಭಂಡಾರವನ್ನು ನೋಡಿಕೊಳ್ಳಲು ಆರು ಜನ ಸರಸ್ವತೀಭಂಡಾರಿಗಳು. ಒಟ್ಟಿನಲ್ಲಿ ಸುಮಾರು 260 ಜನರ ವಿದ್ಯಾಸಂಸಾರ. ಅಧ್ಯಾಪಕರಿಗೂ ಭಂಡಾರಿಗಳಿಗೂ ಜೀವನಕ್ಕೆಂದು ಭೂಮಿಯನ್ನು ವಿಂಗಡಿಸಿ ಕೊಡಲಾಗಿತ್ತು.

ಈ ಅಂಕೆಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವೇದಕ್ಕೆ ಇನ್ನೂರು ಜನ, ಶಾಸ್ತ್ರಕ್ಕೆ ಐವತ್ತು. ವೇದವನ್ನು ಕಲಿತವರಲ್ಲಿ ನಾಲ್ವರಿಗೊಬ್ಬನಷ್ಟು ಪ್ರಮಾಣದಲ್ಲಿ ಶಾಸ್ತ್ರಕ್ಕೆ ಸ್ಥಳವಿತ್ತೆಂದಾಯಿತು. ವೇದಪಾಠವು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಸಂಥೆಯಾಗಿ ನಡೆಯತಕ್ಕದ್ದು. ಒಬ್ಬ ಉಪಾಧ್ಯಾಯನ ಮುಂದೆ ಅನೇಕರು ಕುಳಿತು ಒಟ್ಟಿಗೆ ಹೇಳಿಕೊಳ್ಳಬಹುದು. ಶಾಸ್ತ್ರಪಾಠದಲ್ಲಿ ಪ್ರಶ್ನೆ, ಶಂಕೆ, ಸಮಾಧಾನಗಳಿಗೆ ಎಡೆಯಿರಬೇಕಾದುದರಿಂದ ಒಬ್ಬ ವ್ಯಾಖ್ಯಾತೃವಿಗೆ ಹದಿನೈದು ಇಪ್ಪತ್ತು ಜನರಿಗಿಂತ ಹೆಚ್ಚು ಶಿಷ್ಯರಿರಲಿಲ್ಲ. ದತ್ತಿಯನ್ನು ಬರೆಸಿದವರಿಗೆ ಪಾಠದ ಸ್ವರೂಪ ಚೆನ್ನಾಗಿ ಗೊತ್ತಿತ್ತು.

ಭಾಟ್ಟ, ಪ್ರಾಭಾಕರ, ನ್ಯಾಸ

ಈ ಮೂರು ಹೆಸರುಗಳ ಪರಿಚಯ ಇಂದಿನ ಯುವಕರಿಗೆ ಇಲ್ಲದಿರಬಹುದಾದುದರಿಂದ ಸಂಕ್ಷೇಪವಾಗಿ ವಿವರಿಸುತ್ತೇವೆ.

ವೇದವಾಕ್ಯಗಳ ಅರ್ಥವನ್ನು ನಿರ್ಣಯಿಸುವ ಶಾಸ್ತ್ರ ಪೂರ್ವಮೀಮಾಂಸೆ. ಅದರಲ್ಲಿ ಎರಡು ಪ್ರಧಾನ ಪಂಥಗಳು. ಕುಮಾರಿಲಭಟ್ಟನನ್ನು ಅನುಸರಿಸಿದ್ದು ಭಾಟ್ಟ, ಪ್ರಭಾಕರನನ್ನು ಅನುಸರಿಸಿದ್ದು ಪ್ರಾಭಾಕರ. ಇವೆರಡಕ್ಕೂ ಅನೇಕ ವಿಷಯಗಳಲ್ಲಿ ವಿವಾದ.

ಮೊದಲನೆಯದಾಗಿ, ವಾಕ್ಯದಿಂದ ಅರ್ಥ ತಿಳಿಯುವುದು ಹೇಗೆ? ‘ಹಸುವನ್ನು ತಾ’ ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ಒಂದೊಂದು ಪದವೂ ಮೊದಲು ತನ್ನ ತನ್ನ ಅರ್ಥವನ್ನು ಬಿಡಿಯಾಗಿ ತಿಳಿಸುತ್ತದೆ, ಅನಂತರ ಆ ಅರ್ಥಗಳು ಪರಸ್ಪರ ಕೂಡುತ್ತವೆ ಎಂದು ಭಾಟ್ಟರು ಹೇಳುತ್ತಾರೆ. ಇದು ಅಭಿಹಿತಾನ್ವಯವಾದ. ಪ್ರಾಭಾಕರರು ಇದನ್ನು ಒಪ್ಪುವುದಿಲ್ಲ. ಮನೆಯಲ್ಲಿ ಹಿರಿಯರೊಬ್ಬರು ‘ಹಸುವನ್ನು ತಾ’ ಎನ್ನುತ್ತಾರೆ, ಇನ್ನೊಬ್ಬರು ತರುತ್ತಾರೆ. ‘ಹಸುವನ್ನು ಕಟ್ಟು’, ‘ಕುದುರೆಯನ್ನು ತಾ’ ಎಂದಾಗ ಬೇರೆ ಬೇರೆ ಕೆಲಸ ನಡೆಯುತ್ತದೆ. ಇದನ್ನೆಲ್ಲ ನೋಡುತ್ತ ಕುಳಿತ ಶಿಶುವು ಭಾಷೆಯನ್ನು ಕಲಿಯುವುದು ವಾಕ್ಯದ ಮೂಲಕವೇ. ಆದ್ದರಿಂದ ಪದವು ಇನ್ನೊಂದರೊಡನೆ ಕೂಡಿದ ಅರ್ಥವನ್ನೇ ತಿಳಿಸುತ್ತದೆ ಎಂಬುದು ಅವರ ಅನ್ವಿತಾಭಿಧಾನವಾದ.

ಎರಡನೆಯದಾಗಿ, ಭ್ರಮೆ ಎಂದರೇನು? ಕಪ್ಪೆಚಿಪ್ಪನ್ನು ಕಂಡು ‘ಇದು ಬೆಳ್ಳಿ’ ಎನ್ನುತ್ತೇವೆ. ಒಂದು ವಸ್ತು ಇನ್ನೊಂದರಂತೆ ತೋರಿತೆಂದು ಭಾಟ್ಟರು. ‘ಇದು’ ಎಂಬ ಪ್ರತ್ಯಕ್ಷ ಮತ್ತು ‘ಬೆಳ್ಳಿ’ ಎಂಬ ಸ್ಮರಣೆ, ಇವೆರಡರ ಭೇದವನ್ನು ಗ್ರಹಿಸದಿರುವುದೇ ಭ್ರಮೆಯೆಂದು ಪ್ರಾಭಾಕರರು.

ನ್ಯಾಸ ಎಂಬುದು ವ್ಯಾಕರಣ. ಪಾಣಿನಿಯ ಅಷ್ಟಾಧ್ಯಾಯಿಗೆ ಜಯಾದಿತ್ಯ ವಾಮನರು ರಚಿಸಿದ ಕಾಶಿಕಾವೃತ್ತಿಗೆ ಜಿನೇಂದ್ರಬುದ್ಧಿ ಬರೆದ ವಿಸ್ತಾರವಾದ ವ್ಯಾಖ್ಯಾನವೇ ಈ ನ್ಯಾಸವೆಂದು ವಿದ್ವಾಂಸರು ತಿಳಿಯುತ್ತಾರೆ. ಜಿನೇಂದ್ರಬುದ್ಧಿಯು ಬೌದ್ಧನೆಂಬುದು ಪ್ರಸಿದ್ಧ. ವೇದಾಧ್ಯಯನಕ್ಕಾಗಿ ಸ್ಥಾಪಿತವಾದ ಶಾಲೆಯಲ್ಲಿ ಬೌದ್ಧಪಂಡಿತನ ಗ್ರಂಥಕ್ಕೆ ವೃತ್ತಿಯನ್ನು ಕೊಟ್ಟು ಪಾಠ ಹೇಳಿಸಿದರೆಂದರೆ ಅವರ ವಿದ್ಯಾನಿಷ್ಠೆ ಎಂತಹದಿರಬೇಕು! ಅಷ್ಟೇ ಅಲ್ಲ, ಪರಸ್ಪರ ಖಂಡಿಸುವ ಭಾಟ್ಟ ಪ್ರಾಭಾಕರರಿಬ್ಬರಿಗೂ ಒಂದೇ ದತ್ತಿಯಿಂದ ಅನ್ನ. ಒಂದು ಜಗಲಿಯ ಮೇಲೆ ಸ್ಥಾಪಿತವಾದುದು ಪಕ್ಕದ ಜಗಲಿಯ ಮೇಲೆ ಪೂರ್ವಪಕ್ಷವಾಗುತ್ತಿತ್ತು. ಎದುರಾಳಿಯ ಮಾತನ್ನು ಅವನ ಬಾಯಿಂದಲೇ ಪೂರ್ತಿ ಕೇಳಿಸಿಕೊಳ್ಳದವನಿಗೆ ತನ್ನ ಸಿದ್ಧಾಂತವೂ ಗಟ್ಟಿಯಾಗುವುದಿಲ್ಲವೆಂಬುದನ್ನು ಆ ದಂಡನಾಯಕನ ವ್ಯವಸ್ಥೆ ತೋರಿಸುತ್ತದೆ.

ನಮ್ಮ ಶಾಸ್ತ್ರಕ್ಕೂ ಈ ವಿಷಯಗಳಿಗೂ ಇರುವ ಸಂಬಂಧವನ್ನು ಇಲ್ಲಿಯೇ ಹೇಳಿಬಿಡಬೇಕು. ಶ್ರೀಮದಾಚಾರ್ಯರ ಅವತಾರ ನಾಗಾವಿಯ ಶಾಸನಕ್ಕಿಂತ ಸುಮಾರು 180 ವರ್ಷ ಈಚಿನದು. ಪದಗಳು ಅನ್ವಿತವಾದ ಅರ್ಥವನ್ನೇ ತಿಳಿಸುತ್ತವೆ ಎಂಬುದನ್ನು ನಮ್ಮ ಸಿದ್ಧಾಂತ ತನ್ನದೇ ರೀತಿಯಲ್ಲಿ ಅಂಗೀಕರಿಸಿದೆ. ಆದರೆ ವೇದಕ್ಕೆ ಕಾರ್ಯದಲ್ಲಿಯೇ, ಅಂದರೆ ‘ಇದನ್ನು ಮಾಡು’ ಎಂಬುದರಲ್ಲಿಯೇ, ತಾತ್ಪರ್ಯವೆಂಬ ಪ್ರಾಭಾಕರಮತವನ್ನು ನಿರಾಕರಿಸಿದೆ; ಸಿದ್ಧವಸ್ತುವಾದ, ಸರ್ವಗುಣಪೂರ್ಣನಾದ ಶ್ರೀವಿಷ್ಣುವಿನಲ್ಲಿಯೇ ಸಕಲ ವೇದಗಳ ಮಹಾತಾತ್ಪರ್ಯವೆಂಬುದು ನಮ್ಮ ನಿರ್ಣಯ. ಭ್ರಮೆಯ ವಿಷಯದಲ್ಲಿ ಅಭಿನವಾನ್ಯಥಾಖ್ಯಾತಿ ನಮ್ಮ ಪಕ್ಷ: ಚಿಪ್ಪಿನಲ್ಲಿ ತೋರಿದ ಬೆಳ್ಳಿ ಅಲ್ಲಿ ಸರ್ವಥಾ ಇಲ್ಲದ್ದು. ನ್ಯಾಯಸುಧೆಯನ್ನು ಓದುವವನಿಗೆ ಭಾಟ್ಟ ಪ್ರಾಭಾಕರರು ಹೆಜ್ಜೆಹೆಜ್ಜೆಗೂ ಎದುರಾಗುತ್ತಾರೆ. ನಾಗಾವಿಯ ಪಾಠಪಟ್ಟಿಯನ್ನು ತಿಳಿಯದೆ ಸುಧೆಯ ಅಂಗಳವನ್ನು ಹೊಗುವುದು ಸಾಧ್ಯವಿಲ್ಲ.

ಸರಸ್ವತೀಭಂಡಾರಿಗಳು

ಶಾಸನದ ಅಂಕೆಗಳಲ್ಲಿ ನಮ್ಮನ್ನು ಬಹಳವಾಗಿ ಸೆಳೆದದ್ದು ಈ ಆರು ಜನ. ಅಧ್ಯಾಪಕರೂ ಆರೇ, ಪುಸ್ತಕಪಾಲಕರೂ ಆರೇ. ಇಂದಿನ ಯಾವ ಪಾಠಶಾಲೆಯಲ್ಲಿ ಈ ಪ್ರಮಾಣ ಕಂಡೀತು?

ಅಂದಿನ ಪುಸ್ತಕವೆಂದರೆ ತಾಳೆಗರಿಯ ಕಟ್ಟು. ಗರಿಯನ್ನು ಹದಮಾಡಬೇಕು, ಕಂಠದಿಂದ ಕೊರೆದು ಬರೆಯಬೇಕು, ಮಸಿ ತುಂಬಬೇಕು, ದಾರ ಪೋಣಿಸಿ ಹಲಗೆಗಳ ನಡುವೆ ಕಟ್ಟಬೇಕು, ಬಟ್ಟೆಯಲ್ಲಿ ಸುತ್ತಿಡಬೇಕು. ಹುಳು, ತೇವ, ಬೆಂಕಿ, ಇಲಿ ಇವುಗಳಿಂದ ಕಾಪಾಡಬೇಕು. ಎಷ್ಟು ಜೋಪಾನ ಮಾಡಿದರೂ ಒಂದು ಕಟ್ಟು ಕೆಲವು ಶತಮಾನಗಳಿಗಿಂತ ಹೆಚ್ಚು ಬಾಳುವುದು ಅಪೂರ್ವ. ಆದ್ದರಿಂದ ಹಳೆಯ ಪ್ರತಿ ಹಾಳಾಗುವ ಮುನ್ನ ಹೊಸ ಪ್ರತಿಯನ್ನು ತೆಗೆಯಬೇಕು. ಪ್ರತಿ ತೆಗೆಯುವವನು ಓದಿ ಅರ್ಥ ತಿಳಿದವನಲ್ಲದಿದ್ದರೆ ತಪ್ಪುಗಳು ನುಸುಳಿ ಮುಂದಿನ ಪ್ರತಿಗಳಿಗೆಲ್ಲ ಹರಡುತ್ತವೆ. ಭಂಡಾರಿಯೂ ವಿದ್ವಾಂಸನೇ ಆಗಿರಬೇಕಾದುದಕ್ಕೆ ಇದೇ ಕಾರಣ.

ನಮ್ಮ ಸಂಪ್ರದಾಯದಲ್ಲಿ ಪುಸ್ತಕರಕ್ಷಣೆಗೆ ಎಷ್ಟು ಮಹತ್ತ್ವವೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಶ್ರೀಮದಾಚಾರ್ಯರ ಗ್ರಂಥಭಂಡಾರವನ್ನು ಪ್ರತಿಪಕ್ಷಿಗಳು ಅಪಹರಿಸಿದ್ದು, ಇಂದಿನ ಕಾಸರಗೋಡು ಜಿಲ್ಲೆಯ ಕುಂಬಳೆಯ ರಾಜ ಜಯಸಿಂಹನ ಮೂಲಕ ಅದು ಹಿಂದಿರುಗಿದ್ದು ಸುಮಧ್ವವಿಜಯದಲ್ಲಿ ವರ್ಣಿತವಾಗಿದೆ. ಎದುರಾಳಿಗಳಿಗೆ ಕೂಡ ಆ ಕಟ್ಟುಗಳ ಬೆಲೆ ಗೊತ್ತಿತ್ತು. ಎರಡನೆಯದು ನಮ್ಮ ಕಾಲದ್ದು. ಶ್ರೀಮದಾಚಾರ್ಯರ ಸಾಕ್ಷಾಚ್ಛಿಷ್ಯರಾದ ಶ್ರೀಹೃಷೀಕೇಶತೀರ್ಥರು ಬರೆದಿಟ್ಟ ಸರ್ವಮೂಲದ ತಾಳೆಗರಿಯ ಪ್ರತಿ ಉಡುಪಿಯ ಪಲಿಮಾರು ಮಠದಲ್ಲಿ ಸುರಕ್ಷಿತವಾಗಿ ಉಳಿದುಬಂದಿತು. ವಿದ್ಯಾವಾಚಸ್ಪತಿ ಬನ್ನಂಜೆ ಗೋವಿಂದಾಚಾರ್ಯರು ಅದನ್ನು ಆಧರಿಸಿ ಸರ್ವಮೂಲಗ್ರಂಥಗಳನ್ನು ಸಂಶೋಧಿಸಿ ಪ್ರಕಟಿಸಿದರು. ಏಳು ಶತಮಾನಗಳ ಕಾಲ ಆ ಕಟ್ಟನ್ನು ಕಾಪಾಡಿದ, ಹೆಸರು ಉಳಿಯದ ಸರಸ್ವತೀಭಂಡಾರಿಗಳು ಎಷ್ಟು ಜನರೋ!

ಗೃಹಸ್ಥರ ಪಾಲು: ಸಾಲೊಟಗಿಯ ನಿದರ್ಶನ

ನಾಗಾವಿಯ ಶಾಲೆಯನ್ನು ದಂಡನಾಯಕನೊಬ್ಬ ಸಾಕಿದನು. ದಂಡನಾಯಕರಿಲ್ಲದ ಕಾಲದಲ್ಲಿ ಗತಿಯೇನು ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರ ನಾಗಾವಿಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನ ಇನ್ನೊಂದು ಶಾಸನದಲ್ಲಿದೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೊಟಗಿಗೆ ಶಾಸನದಲ್ಲಿ ‘ಪಾವಿಟ್ಟಗೆ’ ಎಂದು ಹೆಸರು. ಮಾನ್ಯಖೇಟದಿಂದ, ಅಂದರೆ ಇಂದಿನ ಮಳಖೇಡದಿಂದ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಆಳುತ್ತಿದ್ದಾಗ, ಕ್ರಿ.ಶ. 945ರಲ್ಲಿ, ಅವನ ಮಂತ್ರಿಯಾದ ನಾರಾಯಣನು ಅಲ್ಲಿ ತ್ರೈಪುರುಷ ದೇವರ ಸನ್ನಿಧಿಯಲ್ಲಿ ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರು. ಅವರ ವಾಸಕ್ಕೆ 27 ಮನೆಗಳು, ನಿರ್ವಹಣೆಗೆ 500 ನಿವರ್ತನ ಭೂಮಿ, ದೀಪಕ್ಕೆಂದೇ 12 ನಿವರ್ತನ, ಉಪಾಧ್ಯಾಯನಿಗೆ 50 ನಿವರ್ತನ. ರಾತ್ರಿಯ ಓದಿಗೆ ಎಣ್ಣೆಯನ್ನೂ ಮರೆಯದ ದಾತೃಗಳು ಅವರು.

ಇದಕ್ಕಿಂತ ಮುಖ್ಯವಾದುದು ಊರಿನ ಗೃಹಸ್ಥರು ಸೇರಿ ಮಾಡಿಕೊಂಡ ಕಟ್ಟಳೆ. ಮನೆಯಲ್ಲಿ ವಿವಾಹ ನಡೆದರೆ ಶಾಲೆಗೆ 5 ನಾಣ್ಯ ಕೊಡತಕ್ಕದ್ದು. ಉಪನಯನವಾದರೆ ಅದರ ಅರ್ಧ. ಚೌಲವಾದರೆ ಇನ್ನೂ ಕಡಿಮೆ. ಊರಿನಲ್ಲಿ ಬ್ರಾಹ್ಮಣಭೋಜನ ನಡೆದಾಗ ಶಾಲೆಯ ವಿದ್ಯಾರ್ಥಿಗಳನ್ನೂ ಯಥಾಶಕ್ತಿ ಊಟಕ್ಕೆ ಕರೆಯಬೇಕು. ಮಂತ್ರಿ ಕೊಟ್ಟ ಭೂಮಿ ಒಮ್ಮೆಗೆ ಬಂದದ್ದು; ಮನೆಮನೆಯಿಂದ ಬರುವ ನಾಣ್ಯ ಪ್ರತಿ ಶುಭಕಾರ್ಯದಲ್ಲಿಯೂ ಬರುವಂತಹದು. ತಮ್ಮ ಮನೆಯ ಮಂಗಳಕ್ಕೂ ಶಾಲೆಯ ಪಾಠಕ್ಕೂ ಅವರು ಗಂಟುಹಾಕಿದ್ದರು.

ಉಳಿದಿರುವ ಅವಶೇಷಗಳು

ಇಂದಿನ ನಾಗಾವಿಯಲ್ಲಿ ಯಾತ್ರಿಕನಿಗೆ ಕಾಣುವುದೇನು? ಚಾಲುಕ್ಯಶೈಲಿಯ ಕಂಬಗಳು ಸಾಲಾಗಿ ನಿಂತಿರುವ ದೊಡ್ಡ ಮಂಟಪ ಒಂದು. ಜನರು ಇದನ್ನು ‘ಅರವತ್ತು ಕಂಬದ ಗುಡಿ’ ಎಂದು ಕರೆಯುತ್ತಾರೆ. ಸುತ್ತಮುತ್ತ ಹಳೆಯ ಗುಡಿಗಳು, ಅವುಗಳ ಶಿಲೆಗಳು, ಕನ್ನಡ ಶಾಸನಗಳು. ಇವೆಲ್ಲದರ ನಡುವೆ ಇಂದಿಗೂ ಜನಸಂದಣಿ ಸೇರುವ ಸ್ಥಳವೆಂದರೆ ನಾಗಾವಿಯ ಯಲ್ಲಮ್ಮನ ಗುಡಿ. ಪಾಠಶಾಲೆಯ ಹೆಸರನ್ನೂ ಕೇಳದ ಗ್ರಾಮೀಣ ಭಕ್ತರು ಯಲ್ಲಮ್ಮನ ಜಾತ್ರೆಗೆ ತಪ್ಪದೆ ಬರುತ್ತಾರೆ. ಈ ಭಕ್ತರ ನಡೆದಾಟದಿಂದಲೇ ನಾಗಾವಿಗೆ ದಾರಿಯೊಂದು ಉಳಿದಿದೆ ಎನ್ನಬೇಕು. ನಾವು ಅವರಿಗೆ ಋಣಿಗಳು.

ಘಟಿಕಾಸ್ಥಾನವನ್ನು ಸಾಕಿದ ರಾಜ್ಯದ ಇತಿಹಾಸವನ್ನು ಎರಡು ಮಾತಿನಲ್ಲಿ ಹೇಳಬಹುದು. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣವು ಕಲಚುರಿಗಳ ವಶವಾಯಿತು. ಆ ಶತಮಾನ ಮುಗಿಯುವ ವೇಳೆಗೆ ಚಾಲುಕ್ಯರ ಆಳ್ವಿಕೆಯೇ ಮುಗಿದು ದೇವಗಿರಿಯ ಸೇವುಣರು ಬಂದರು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ದೆಹಲಿಯ ಸೈನ್ಯಗಳು ದೇವಗಿರಿಯನ್ನು ಗೆದ್ದುವು. 1347ರಲ್ಲಿ ಬಹಮನೀ ರಾಜ್ಯ ಸ್ಥಾಪಿತವಾಗಿ ಕಲಬುರಗಿ ಅದರ ರಾಜಧಾನಿಯಾಯಿತು. ಭೂಮಿಯ ಆದಾಯವನ್ನೇ ನೆಚ್ಚಿದ ಪಾಠಶಾಲೆಗೆ, ಆ ದತ್ತಿಯನ್ನು ಮನ್ನಿಸುವ ರಾಜ್ಯ ಹೋದಮೇಲೆ, ಬೇರೆ ಆಸರೆ ಬೇಕಾಗುತ್ತದೆ.

ಮಳಖೇಡ: ಪಾಠ ಉಳಿದ ಬಗೆ

ಈಗ ಮತ್ತೆ ಮಳಖೇಡಕ್ಕೆ ಬರೋಣ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಚಕ್ರವರ್ತಿಗಳ ರಾಜಧಾನಿಯಾಗಿ ಮೆರೆದ ಮಾನ್ಯಖೇಟವನ್ನು 972ರಲ್ಲಿ ಪರಮಾರರ ಸೀಯಕನು ಸೂರೆಮಾಡಿದನು. ಕೋಟೆಯ ಗೋಡೆಗಳು, ಪುರಾತನ ಜಿನಾಲಯ, ಚದುರಿದ ಶಿಲೆಗಳು ಮಾತ್ರ ಆ ವೈಭವಕ್ಕೆ ಸಾಕ್ಷಿಗಳಾಗಿ ಉಳಿದುವು. ಅಂತಹ ಹಾಳೂರಿನ ನದೀತೀರಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ಯತಿಗಳು ಬಂದರು. ಶ್ರೀಅಕ್ಷೋಭ್ಯತೀರ್ಥರು ಕಾಗಿಣಾ ನದಿಯಲ್ಲಿ ಕುದುರೆಯ ಮೇಲೆ ಕುಳಿತೇ ನೀರು ಕುಡಿದ ತರುಣನನ್ನು ಕಂಡು ಶಿಷ್ಯನನ್ನಾಗಿ ಸ್ವೀಕರಿಸಿದ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಹೇಳುತ್ತೇವೆ. ಆ ತರುಣರೇ ಶ್ರೀಜಯತೀರ್ಥರು. ಅನುವ್ಯಾಖ್ಯಾನಕ್ಕೆ ನ್ಯಾಯಸುಧೆಯನ್ನೂ ಬ್ರಹ್ಮಸೂತ್ರಭಾಷ್ಯಕ್ಕೆ ತತ್ತ್ವಪ್ರಕಾಶಿಕೆಯನ್ನೂ ಬರೆದು ಅವರು ಟೀಕಾಚಾರ್ಯರಾದರು.

ಕಾಲವನ್ನು ಗಮನಿಸಬೇಕು. ಅದು ಬಹಮನೀ ಸುಲ್ತಾನರು ಕಲಬುರಗಿಯಿಂದ ಆಳುತ್ತಿದ್ದ ಕಾಲ. ಘಟಿಕಾಸ್ಥಾನಗಳ ರಾಜ್ಯ ಎಂದೋ ಮುಗಿದಿತ್ತು. ಅಂತಹ ಕಾಲದಲ್ಲಿಯೇ ಭಾಟ್ಟ ಪ್ರಾಭಾಕರಾದಿ ಸಮಸ್ತ ಪೂರ್ವಪಕ್ಷಗಳನ್ನು ಅನುವಾದಮಾಡಿ ವಿಮರ್ಶಿಸಿದ ಮಹಾಗ್ರಂಥ ನಮ್ಮ ಪರಂಪರೆಯಲ್ಲಿ ಹುಟ್ಟಿತು. ಅದು ಹುಟ್ಟಿದಷ್ಟೇ ಮುಖ್ಯವಾದುದು ಅದರ ಪಾಠ ನಿಲ್ಲದೆ ನಡೆದುಬಂದದ್ದು. ಸುಧೆಯನ್ನು ಓದಬೇಕು, ಇಲ್ಲವೆ ವಸುಧೆಯನ್ನು ಆಳಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಗುರುಗಳು ಶಿಷ್ಯರಿಗೆ ಪಾಠ ಹೇಳಿ, ಆ ಶಿಷ್ಯರು ಮುಂದೆ ಗುರುಗಳಾಗಿ, ಇಂದಿಗೂ ಸುಧಾಪಾಠವೂ ಸುಧಾಮಂಗಳವೂ ನಡೆಯುತ್ತಿವೆ.

ಎರಡು ಸ್ಥಳಗಳನ್ನು ಒಂದೇ ದಿನದಲ್ಲಿ ನೋಡಿದವನಿಗೆ ಈ ವ್ಯತ್ಯಾಸ ಮನಸ್ಸಿಗೆ ನಾಟದೆ ಇರದು. ನಾಗಾವಿಯಲ್ಲಿ ಕಂಬಗಳು, ಶಾಸನ, ಭೂದಾನದ ವಿವರ ಎಲ್ಲವೂ ಉಳಿದಿವೆ. ಶಿಷ್ಯರ ಸಾಲು ಕಡಿದುಹೋಗಿದೆ. ಮಳಖೇಡದಲ್ಲಿ ಭಕ್ತರು ಪೂಜಿಸುವ ಬೃಂದಾವನದ ಮುಂದೆ ಕುಳಿತು ಈಗಲೂ ಒಬ್ಬ ವಿದ್ಯಾರ್ಥಿ ಅದೇ ಟೀಕಾಚಾರ್ಯರ ಪಂಕ್ತಿಯನ್ನು ಪಾರಾಯಣ ಮಾಡಬಲ್ಲ, ಅದರ ಅರ್ಥವನ್ನು ಹೇಳಬಲ್ಲ ಗುರುವೂ ಸಿಕ್ಕಾರು. ಅಮರಸಿಂಹನ ಅರ್ಥದ ಮಠ ಅಲ್ಲಿ ಜೀವಂತವಾಗಿದೆ.

ನಮ್ಮ ಕರ್ತವ್ಯ

ಭಾಗ್ಯನಗರದಲ್ಲಿ ನೆಲೆಸಿದ ನಮಗೆ ಕನ್ನಡವು ದೂರದಿಂದ ತಂದ ಸರಕೆಂದು ಮಕ್ಕಳು ಭಾವಿಸುತ್ತಾರೆ. ಇಲ್ಲಿಂದ ಅನತಿದೂರದ ಕೊಲನುಪಾಕದಲ್ಲಿ ಇದೇ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಕಲ್ಯಾಣದ ರಾಜ್ಯ ಈ ಪ್ರದೇಶಕ್ಕೂ ಹಬ್ಬಿತ್ತು. ಆದ್ದರಿಂದ ನಾವು ಪರದೇಶದಲ್ಲಿ ಇಲ್ಲ, ಹಳೆಯ ಮನೆಯ ಇನ್ನೊಂದು ಕೋಣೆಯಲ್ಲಿದ್ದೇವೆ. ಇಲ್ಲಿ ಪಾಠ ನಡೆಸಲು ಸಂಕೋಚಕ್ಕೆ ಕಾರಣವಿಲ್ಲ.

ನಮ್ಮ ಶಾಖಾಮಠಗಳಲ್ಲಿ ಆರಾಧನೆಯ ದಿನ ಪಂಕ್ತಿಗೆ ಸ್ಥಳ ಸಾಲದು, ಸಂಜೆಯ ಪಾಠಕ್ಕೆ ಚಾಪೆ ಹಾಸಿದರೆ ಅರ್ಧ ಖಾಲಿ. ಬಂದವರಲ್ಲಿಯೂ ಹೆಚ್ಚಿನವರು ನಮ್ಮಂತಹ ನಿವೃತ್ತರು. ಇದನ್ನು ಯಾರ ಮೇಲೂ ದೋಷವಾಗಿ ಹೇಳುತ್ತಿಲ್ಲ. ಶಾಲೆ, ಪರೀಕ್ಷೆ, ನೌಕರಿ, ನಗರದ ದೂರಗಳು ಇವೆಲ್ಲ ನಮಗೂ ಗೊತ್ತು. ಆದರೆ ನಾಗಾವಿಯ ಶಾಸನ ತೋರಿಸುವ ಮೂರು ಆಸರೆಗಳನ್ನು ನಮ್ಮ ಅಳತೆಗೆ ತಕ್ಕಂತೆ ಕಟ್ಟಿಕೊಳ್ಳುವುದು ಅಸಾಧ್ಯವೇನಲ್ಲ.

ಮೊದಲನೆಯದು, ಪಾಠ ಹೇಳುವವರ ಜೀವನ. ಪಂಡಿತರನ್ನು ಆರಾಧನೆಯಂದು ಕರೆದು ಶಾಲು ಹೊದಿಸಿದರೆ ಸಾಲದು. ಸಾಲೊಟಗಿಯ ಗೃಹಸ್ಥರಂತೆ, ಮನೆಯಲ್ಲಿ ವಿವಾಹ, ಉಪನಯನ, ಚೌಲ ನಡೆದಾಗಲೆಲ್ಲ ಖರ್ಚಿನ ಒಂದು ಸಣ್ಣ ಭಾಗವನ್ನು ಪಾಠಕ್ಕೆಂದು ಎತ್ತಿಡುವ ಸಂಕಲ್ಪ ಮಾಡಬಹುದು. ಛತ್ರದ ಬಾಡಿಗೆ, ಪುಷ್ಪಾಲಂಕಾರಗಳ ಲೆಕ್ಕದ ಪಕ್ಕದಲ್ಲಿ ಅದು ಎಷ್ಟು ಚಿಕ್ಕದೆಂದು ಬರೆದು ನೋಡಿದರೆ ತಿಳಿಯುತ್ತದೆ.

ಎರಡನೆಯದು, ಓದುವವರ ಅನ್ನ. ರವಿವಾರದ ಪಾಠಕ್ಕೆ ಬರುವ ಹುಡುಗ ಹುಡುಗಿಯರಿಗೆ ಸರದಿಯ ಮೇಲೆ ಒಂದೊಂದು ಮನೆಯವರು ಫಲಾಹಾರ ಒದಗಿಸಿದರೆ ತಾಯಂದಿರ ಅರ್ಧ ತೊಂದರೆ ತಪ್ಪುತ್ತದೆ. ಮಕ್ಕಳಿಗೆ ಜೊತೆಯ ರುಚಿಯೂ ಹತ್ತುತ್ತದೆ.

ಮೂರನೆಯದು, ಪುಸ್ತಕದ ಪಾಲನೆ. ನಮ್ಮಲ್ಲಿ ಅನೇಕರ ಮನೆಯ ಅಟ್ಟದ ಮೇಲೆ ಅಜ್ಜ ಮುತ್ತಜ್ಜಂದಿರ ಕೆಂಪುಬಟ್ಟೆಯ ಗಂಟುಗಳಿವೆ. ಕೆಲವು ದೇವನಾಗರಿಯಲ್ಲಿ, ಕೆಲವು ಕನ್ನಡದಲ್ಲಿ, ಕೆಲವು ಇಂದಿನ ಬಹುಮಂದಿಗೆ ಓದಲು ಬಾರದ ನಂದಿನಾಗರಿಯಲ್ಲಿ. ಮನೆ ಮಾರುವಾಗ, ಫ್ಲ್ಯಾಟಿಗೆ ಹೋಗುವಾಗ ಇವನ್ನು ನದಿಗೆ ಬಿಡುವ ಪದ್ಧತಿಯನ್ನು ಕೆಲವರು ಪುಣ್ಯವೆಂದು ಭಾವಿಸಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿರಿ. ಗಂಟನ್ನು ಬಿಚ್ಚಿ, ಒಣಗಿದ ಜಾಗದಲ್ಲಿಟ್ಟು, ಬಲ್ಲವರಿಗೆ ತೋರಿಸಿರಿ. ಪ್ರತಿಯೊಂದು ಪುಟದ ಛಾಯಾಚಿತ್ರ ತೆಗೆದಿಡಿರಿ. ಈ ಕೆಲಸವನ್ನು ಮನೆಯ ಮಗನೋ ಮಗಳೋ ತಮ್ಮ ಕೈಯಲ್ಲಿರುವ ಫೋನಿನಿಂದಲೇ ಒಂದು ಮಧ್ಯಾಹ್ನದಲ್ಲಿ ಮಾಡಬಲ್ಲರು. ಮನೆಯಲ್ಲಿ ಇಟ್ಟುಕೊಳ್ಳಲಾಗದಿದ್ದರೆ ಮಠಕ್ಕೋ ಸರ್ಕಾರದ ಹಸ್ತಪ್ರತಿ ಗ್ರಂಥಾಲಯಕ್ಕೋ ಒಪ್ಪಿಸಿರಿ. ಹಾಗೆ ಮಾಡಿದ ಪ್ರತಿಯೊಬ್ಬರೂ ನಾಗಾವಿಯ ಏಳನೆಯ ಸರಸ್ವತೀಭಂಡಾರಿಯೇ ಸರಿ.

ಮುಂದಿನ ಆಷಾಢದಲ್ಲಿ ಮಳಖೇಡಕ್ಕೆ ಹೋಗುವ ಕುಟುಂಬಗಳು ಸಾಧ್ಯವಾದರೆ ಒಂದು ಹೊತ್ತು ಉಳಿಸಿಕೊಂಡು ಚಿತ್ತಾಪುರದವರೆಗೆ ಹೋಗಿಬರಲಿ. ಮಕ್ಕಳನ್ನು ಅರವತ್ತು ಕಂಬದ ಗುಡಿಯಲ್ಲಿ ಕೂರಿಸಿ, ಇಲ್ಲಿ ಇನ್ನೂರು ಜನ ವೇದ ಹೇಳುತ್ತಿದ್ದ ಕಾಲವೊಂದಿತ್ತೆಂದು ತಿಳಿಸಿ, ಅವರಿಗೆ ಬರುವ ಒಂದು ಸ್ತೋತ್ರವನ್ನು ಗಟ್ಟಿಯಾಗಿ ಹೇಳಿಸಿರಿ. ಎಷ್ಟೋ ಶತಮಾನಗಳಿಂದ ಪಾಠವನ್ನು ಕೇಳದ ಕಂಬಗಳು ಅಷ್ಟನ್ನಾದರೂ ಕೇಳಲಿ.

॥ ಶ್ರೀಮಧ್ವೇಶಾರ್ಪಣಮಸ್ತು ॥